ಟೈಲರಕ್ಕನ ಮೈಯಳತೆ

ಟೈಲರಕ್ಕನ ಅಂಗಡಿಯಲ್ಲಿ ಟೇಪು ಬಟ್ಟೆಗೆ ಮಾತ್ರ, ಮನುಷ್ಯರಿಗಲ್ಲ. ಅಂಗಡಿ ತೆರೆದ ದಿನವೇ ಅವಳು ಮಾಡಿಕೊಂಡ ಕಟ್ಟಳೆ ಇದು. ಬೀಗದ ಕೀ ಮಾಡುವವನ ಗೂಡಿಗೂ ಹಲ್ಲಿನ ಡಾಕ್ಟರ ಮೆಟ್ಟಿಲಿಗೂ ನಡುವೆ ಸಿಕ್ಕಿಕೊಂಡಿದ್ದ ಆ ಅಂಗಡಿಗೆ ಬರುವವರೆಲ್ಲ ಹೆಚ್ಚುಕಡಿಮೆ ಮೈ ತುಂಬಿದ ಹೆಂಗಸರು. ರೆಡಿಮೇಡ್ ಅಂಗಡಿಯಲ್ಲಿ "ನಿಮ್ಮ ಸೈಜು ನಮ್ಮಲ್ಲಿ ಬರಲ್ಲ ಮೇಡಂ" ಎಂದು, ಅದೂ ನಾಲ್ಕು ಜನಕ್ಕೆ ಕೇಳುವ ಹಾಗೆ, ಹೇಳಿಸಿಕೊಂಡು ಬಂದವರು.

ಅವಳಿಗೂ ಅದರ ರುಚಿ ಗೊತ್ತಿತ್ತು. ಹದಿನಾರರ ವಯಸ್ಸಿನಲ್ಲಿ ಅಮ್ಮ ಅವಳನ್ನು ಒಬ್ಬ ಟೈಲರನ ಬಳಿ ಕರೆದುಕೊಂಡು ಹೋಗಿದ್ದಳು. ಆತ ಟೇಪು ಸುತ್ತಿ "ಸೊಂಟ ನಲವತ್ತನಾಲ್ಕು" ಎಂದ. ಬರೆದುಕೊಳ್ಳುತ್ತಿದ್ದ ಹುಡುಗ ನಂಬಿಕೆ ಬರದೆ "ಎಷ್ಟು?" ಎಂದ. ಟೈಲರು ಇನ್ನೂ ಜೋರಾಗಿ ಹೇಳಿದ. ಹುಡುಗ ಮತ್ತೆ ಕೇಳಿದ. ಮೂರು ಸಲ ಕೂಗಿ ಸೊಂಟವನ್ನು ಹರಾಜಿಗೆ ಹಾಕಿದ ಹಾಗಾಯಿತು. ಅಂದೇ ಅವಳು ಹೊಲಿಗೆ ಕಲಿಯಬೇಕೆಂದು ತೀರ್ಮಾನಿಸಿದ್ದು.

ಟೇಪಿಲ್ಲದೆ ಅಳತೆ ಹೇಗೆ? ಅವಳ ಮೈಯೇ ಅಳತೆ. ಹೊಸ ಗಿರಾಕಿ ಬಂದರೆ ಬಾಗಿಲು ಎಳೆದುಕೊಂಡು, ಪಕ್ಕದಲ್ಲಿ ನಿಲ್ಲಿಸಿಕೊಂಡು, ಅಂಗೈ ಆಡಿಸಿ ತನ್ನ ಮೈಗೂ ಅವರ ಮೈಗೂ ತಾಳೆ ನೋಡುತ್ತಿದ್ದಳು. ಆಮೇಲೆ ಪುಸ್ತಕದಲ್ಲಿ ಬರೆಯುತ್ತಿದ್ದಳು: "ಎದೆ ನನ್ನಷ್ಟು. ಸೊಂಟ ನನಗಿಂತ ಎರಡು ಬೆರಳು ಕಡಿಮೆ. ತೋಳು ನನಗಿಂತ ಒಂದು ಬೆರಳು ಹೆಚ್ಚು." ಆ ಪುಸ್ತಕದಲ್ಲಿ ಬೆರಳಿನ ಲೆಕ್ಕ ಬಿಟ್ಟರೆ ಬೇರೆ ಅಂಕಿಯೇ ಇರಲಿಲ್ಲ. ಒಮ್ಮೆ ಪುಸ್ತಕಕ್ಕೆ ಸೇರಿದವರು ಮತ್ತೆ ಅಂಗಡಿಗೆ ಬರಬೇಕಾದ್ದೇ ಇಲ್ಲ. ಬಟ್ಟೆ ಕಳಿಸಿದರೆ ಸಾಕು. ಅವಳು ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ, ತಾನೇ ತೊಟ್ಟು ನಿಲ್ಲುತ್ತಿದ್ದಳು. ಅಂಗಡಿಯಲ್ಲಿ ಜೊತೆಗಿರುತ್ತಿದ್ದ ನಾದಿನಿ ಪುಸ್ತಕದ ಬೆರಳಿನ ಲೆಕ್ಕ ನೋಡಿ ಹಿಂದಿನಿಂದ ಪಿನ್ನು ಚುಚ್ಚಿ ಸರಿಮಾಡುತ್ತಿದ್ದಳು. ನೂರ ಹದಿನಾಲ್ಕು ಕಿಲೋದ ಆ ಮೈ ಇಪ್ಪತ್ತು ವರ್ಷದಿಂದ ಒಂದು ಬೆರಳೂ ಆಚೀಚೆ ಆಗಿರಲಿಲ್ಲ. ಸರ್ಕಾರದ ತೂಕದ ಕಲ್ಲಾದರೂ ಸವೆದೀತು, ಟೈಲರಕ್ಕ ಸವೆಯುವವಳಲ್ಲ ಎಂದು ಗಿರಾಕಿಗಳೇ ಹೇಳುತ್ತಿದ್ದರು.

ಮನೆಯಲ್ಲಿ ಮಾತ್ರ ಆ ಮೈಗೆ ಮರ್ಯಾದೆ ಕಡಿಮೆ. ಗಂಡ ಲಿಫ್ಟ್ ರಿಪೇರಿಯವನು, ಪೊರಕೆಕಡ್ಡಿಯಂಥ ಮನುಷ್ಯ.

"ನಮ್ಮ ಲಿಫ್ಟಲ್ಲಿ ಆರು ಜನ ಅಂತ ಬೋರ್ಡಿರುತ್ತೆ ಕಣೇ," ಎನ್ನುತ್ತಿದ್ದ. "ನೀನು ಹತ್ತಿದ್ರೆ ನಾನು ಮೆಟ್ಟಿಲಲ್ಲೇ ಬರ್ತೀನಿ."

"ನೀವು ಹತ್ತಿದ್ರೆ ಯಾರೋ ಹತ್ತಿದ್ದಾರೆ ಅಂತ ಲಿಫ್ಟಿಗೆ ಗೊತ್ತೇ ಆಗಲ್ಲ. ಒಳಗೇ ಇರ್ತೀರ, ಹುಷಾರು," ಎನ್ನುತ್ತಿದ್ದಳು ಅವಳು.

ಐವತ್ತಮೂರಕ್ಕೆ ಮೊಣಕಾಲು ಕೈಕೊಟ್ಟಿತು. ಅಂಗಡಿಯ ಷಟರು ಎತ್ತುವ ಮೊದಲು ಅವಳು ದಿನವೂ ದೇವರ ಮುಂದೆ ಮೊಣಕಾಲೂರಿ ಎರಡು ಮಾತಾಡುತ್ತಿದ್ದಳು. ಒಂದು ದಿನ ಹಾಗೆ ಕೂತವಳು ಏಳಲಾರದೆ ನಾದಿನಿಯನ್ನು ಕೂಗಿದಳು, ನಾದಿನಿ ಎಳೆಯಲಾರದೆ ಬೀಗದವನನ್ನು ಕೂಗಿದಳು. ಇಬ್ಬರೂ ಸೇರಿ ಎಬ್ಬಿಸಿದ ಮೇಲೆ ಅವಳು ಸ್ಟೂಲಿನ ಮೇಲೆ ಕೂತೇ ಪ್ರಾರ್ಥಿಸತೊಡಗಿದಳು. ದೇವರು ಏನೂ ಅಂದುಕೊಳ್ಳಲಿಕ್ಕಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ದೊಡ್ಡವರ ಮುಂದೆ ಕುರ್ಚಿ ಎಳೆದುಕೊಂಡು ಕೂತ ಹಾಗೆ ಒಂಥರಾ ಆಗುತ್ತಿತ್ತು.

ಡಾಕ್ಟರ ಬಳಿ ಹೋದಳು. ಅವರು ಮೊಣಕಾಲು ಒತ್ತಿ ನೋಡಿ, ರಕ್ತದ ಕಾಗದ ನೋಡಿ, ಕನ್ನಡಕ ತೆಗೆದರು.

"ತೂಕ ಇಳಿಸಬೇಕಲ್ಲ," ಎಂದರು.

"ಡಾಕ್ಟ್ರೇ, ಹೋದ ವರ್ಷ ಕಿವಿನೋವು ಅಂತ ಬಂದಾಗಲೂ ನೀವು ಇದನ್ನೇ ಅಂದ್ರಿ."

ಡಾಕ್ಟರು ಸ್ವಲ್ಪ ಯೋಚಿಸಿದರು. "ಕಿವಿಗೆ ಹೇಳಿದ್ದು ತಪ್ಪು. ಮೊಣಕಾಲಿಗೆ ಹೇಳ್ತಿರೋದು ಸರಿ. ಸಕ್ಕರೇನೂ ಏರಿದೆ ನೋಡಿ."

"ಇಳಿಸೋಕೆ ನಾನೇನು ಬೇಡ ಅಂದ್ನಾ? ವಾಕಿಂಗ್ ಆಯ್ತು, ಉಪವಾಸ ಆಯ್ತು, ನಡುಗೋ ಬೆಲ್ಟ್ ಒಂದು ತಂದ್ರು ನಮ್ಮೆಜಮಾನ್ರು, ಅದೂ ಆಯ್ತು. ಬೆಲ್ಟ್ ಕೆಟ್ಟೋಯ್ತು, ನಾನು ಹಾಗೇ ಇದೀನಿ."

ಆಗ ಡಾಕ್ಟರು ಆ ಇಂಜೆಕ್ಷನ್ ವಿಷಯ ಎತ್ತಿದರು. ವಾರಕ್ಕೊಂದು, ಪೆನ್ನಿನ ಹಾಗಿರುವುದು, ಹೊಟ್ಟೆಯ ಚರ್ಮಕ್ಕೆ ತಾವೇ ಚುಚ್ಚಿಕೊಳ್ಳಬೇಕು. ತಿಂದದ್ದು ಹೊಟ್ಟೆಯಿಂದ ನಿಧಾನ ಕೆಳಗಿಳಿಯುತ್ತದೆ, ಸಾಕು ಎಂಬ ಮಾತು ಮೆದುಳಿಗೆ ಬೇಗ ಮುಟ್ಟುತ್ತದೆ. ಮೊದಮೊದಲು ವಾಕರಿಕೆ, ಮಲಬದ್ಧತೆ ಇರುತ್ತದೆ. ಸಣ್ಣ ಡೋಸಿನಿಂದ ಶುರುಮಾಡಿ ಮೆಲ್ಲಗೆ ಏರಿಸಬೇಕು. ಎಲ್ಲರಿಗೂ ಆಗಿಬರುವ ಔಷಧಿಯಲ್ಲ. ಬಿಟ್ಟರೆ ಇಳಿದ ತೂಕ ಬಹಳ ಜನರಿಗೆ ವಾಪಸು ಬರುತ್ತದೆ. ಇಷ್ಟನ್ನೂ ಅವರು ಬಿಡಿಸಿ ಹೇಳಿದರು. ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ ಇತ್ತೆಂದು ಅಜ್ಜಿಯ ಕಾಲದವರೆಗೂ ಕೇಳಿದರು.

"ಚುಚ್ಚೋದಕ್ಕೆ ಹೆದರಿಕೆಯಾ?" ಎಂದರು.

"ದಿನಕ್ಕೆ ಹತ್ತು ಸಲ ಬೆರಳಿಗೆ ಸೂಜಿ ಚುಚ್ಕೋತೀನಿ ಡಾಕ್ಟ್ರೇ. ವಾರಕ್ಕೊಂದು ಸಲ ಹೊಟ್ಟೆಗೆ ಚುಚ್ಕೊಂಡ್ರೆ ಅದಕ್ಕೂ ಸಮಾಧಾನ ಆಗುತ್ತೆ."

ಫ್ರಿಜ್ಜಿನ ಬಾಗಿಲಲ್ಲಿ ಮೊಟ್ಟೆಗಳ ಪಕ್ಕ ಪೆನ್ನು ಬಂದು ಕೂತಿತು. ಮೊದಲ ತಿಂಗಳು ಅವಳಿಗೆ ಬೇಕರಿಯ ವಾಸನೆ ಬಂದರೆ ಹೊಟ್ಟೆ ತೊಳಸುತ್ತಿತ್ತು. ಎದುರಿಗೆ ತಟ್ಟೆ ಇಟ್ಟರೆ ನೆಂಟರ ಮನೆಯಲ್ಲಿ ಬಲವಂತಕ್ಕೆ ಕೂತವಳ ಹಾಗೆ ಮುಖ ಮಾಡುತ್ತಿದ್ದಳು. ಎರಡನೆಯ ತಿಂಗಳಿಗೆ ವಾಕರಿಕೆ ಹೋಯಿತು. ಅದರ ಜೊತೆ, ಹುಟ್ಟಿದಾಗಿನಿಂದ ತಲೆಯೊಳಗೆ ಗುನುಗುತ್ತಿದ್ದ ಒಂದು ಗೊಣಗಾಟವೂ ನಿಂತಿತು: ಮಧ್ಯಾಹ್ನ ಏನು, ಡಬ್ಬಿಯಲ್ಲಿ ಇನ್ನೆಷ್ಟಿದೆ, ಯಾರೂ ನೋಡದಿದ್ದಾಗ ಇನ್ನೊಂದು ತಿನ್ನಬಹುದೆ. ಬೇರೆಯವರ ತಲೆಯಲ್ಲಿ ಈ ಗೊಣಗಾಟ ಇರುವುದೇ ಇಲ್ಲವೆಂದು ಅವಳಿಗೆ ಆಗಲೇ ತಿಳಿದದ್ದು. ತೆಳ್ಳಗಿರುವವರೆಲ್ಲ ಮನಸ್ಸು ಗಟ್ಟಿಮಾಡಿಕೊಂಡವರು ಎಂದು ಇಷ್ಟು ವರ್ಷ ಅವರಿಗೆ ಸುಮ್ಮನೆ ಮರ್ಯಾದೆ ಕೊಟ್ಟೆನಲ್ಲ ಎಂದುಕೊಂಡಳು.

ಎಂಟು ತಿಂಗಳಲ್ಲಿ ಇಪ್ಪತ್ತೊಂದು ಕಿಲೋ ಇಳಿಯಿತು. ಐದನೆಯ ತಿಂಗಳಲ್ಲೇ ಒಂದು ಬೆಳಿಗ್ಗೆ ಸ್ಟೂಲನ್ನು ಪಕ್ಕಕ್ಕೆ ಸರಿಸಿ ಮೊಣಕಾಲೂರಿದಳು. ಬಗ್ಗಿದ್ದು ದೊಡ್ಡದಲ್ಲ, ಮೇಜಿನ ಕಾಲು ಹಿಡಿಯದೆ ಎದ್ದಳು. ಆ ದಿನ ಅವಳು ದೇವರಿಗೆ ಏನನ್ನೂ ಕೇಳಲಿಲ್ಲ.

ಕೆಲಸಕ್ಕೆ ತೊಡುವ ಅವಳ ನಿಲುವಂಗಿ ಮೊದಲೇ ದೊಗಲೆ. ಲಾಡಿ ಎಳೆದು ಕಟ್ಟಿದರೆ ಮುಗಿಯಿತು. ಹಳೆಯ ಗಿರಾಕಿಗಳ ಬಟ್ಟೆ ಬರುತ್ತಿತ್ತು. ಪುಸ್ತಕ ತೆಗೆದರೆ "ನನ್ನಷ್ಟು" ಎಂದಿರುತ್ತಿತ್ತು. ಕೈಯ ರೂಢಿಯಂತೆ ಕತ್ತರಿಸಿ ಕಚ್ಚಾ ಹೊಲಿಗೆ ಹಾಕಿ ತೊಟ್ಟು ನಿಂತರೆ ಯಾಕೋ ಜೋಲುತ್ತಿತ್ತು.

"ಇತ್ತೀಚೆಗೆ ಕೈ ಯಾಕೋ ಸಡಿಲ ಕತ್ತರಿಸ್ತಿದೆ," ಎನ್ನುತ್ತಿದ್ದಳು. "ಹಿಡಿ ಸ್ವಲ್ಪ."

"ಎಷ್ಟು ಹಿಡೀಲಿ ಅತ್ತಿಗೆ?"

"ಮೈಗೆ ಕೂರೋವಷ್ಟು."

ನಾದಿನಿ ಹಿಡಿಯುತ್ತಿದ್ದಳು. ಉಳಿದ ಅಂಚನ್ನು ಕತ್ತರಿಸಿ ಬಿಸಾಡುತ್ತಿದ್ದರು. ಅಳತೆಗೋಲಿಗೆ ತಾನು ಕುಗ್ಗಿದ್ದು ಹೇಗೆ ಗೊತ್ತಾಗಬೇಕು? ಹೊಸ ಗಿರಾಕಿಗಳ ಬಟ್ಟೆ ಸರಿಯಾಗಿಯೇ ಕೂರುತ್ತಿತ್ತು, ಅವರನ್ನು ಈಗಿನ ಮೈಯ ಪಕ್ಕ ನಿಲ್ಲಿಸಿ ಬರೆದುಕೊಂಡಿದ್ದಳಲ್ಲ. ಕೆಟ್ಟದ್ದು ಹಳಬರದ್ದು ಮಾತ್ರ.

ಹಳಬರು ಬಂದು ಜಗಳವಾಡಿದ್ದರೆ ಮೊದಲ ವಾರವೇ ಗುಟ್ಟು ರಟ್ಟಾಗುತ್ತಿತ್ತು. ಅವರು ಜಗಳಕ್ಕೆ ಬರಲಿಲ್ಲ, ಕ್ಷಮೆ ಕೇಳಲು ಬಂದರು. ಕುಂಬಳಕಾಯಿ ಕಳ್ಳ ಎಂದರೆ ಕದಿಯದಿದ್ದರೂ ಹೆಗಲು ಮುಟ್ಟಿ ನೋಡಿಕೊಳ್ಳುವವರು ದಪ್ಪಗಿರುವವರು. ಬಟ್ಟೆ ಬಿಗಿಯಾದರೆ ಅವರು ಬಟ್ಟೆಯನ್ನು ಬಯ್ಯುವುದಿಲ್ಲ.

ಬಸ್ಸಿನ ಕಂಡಕ್ಟರಮ್ಮ ಬಂದಳು. "ಅಕ್ಕ, ಯೂನಿಫಾರ್ಮ್ ಕೂರ್ತಿಲ್ಲ. ನಂದೇ ತಪ್ಪು. ಡಿಪೋದಲ್ಲಿ ಟೀ ಜೊತೆ ಬಿಸ್ಕತ್ತು ಜಾಸ್ತಿ ಆಗಿದೆ."

ಪೋಸ್ಟಾಫೀಸಿನ ಗುಮಾಸ್ತೆ ಬಂದಳು. "ಬಗ್ಗಿ ಪಾರ್ಸೆಲ್ ಎತ್ತೋಕಾಗ್ತಿಲ್ಲ ಅಕ್ಕ. ಎರಡು ಗುಂಡಿ ಕಿತ್ಕೊಂಡು ಹೋಗಿ ಸಾಹೇಬ್ರ ಮೇಜಿನ ಮೇಲೆ ಬಿತ್ತು. ಅವ್ರು ಸ್ಟಾಂಪ್ ಹಾಕೋಕೆ ನೋಡಿದ್ರು."

ಬೇಕರಿಯವನ ಹೆಂಡತಿ ಬಂದು ಬಾಯಿ ಬಿಡುವ ಮೊದಲೇ ಕಣ್ಣಲ್ಲಿ ನೀರು ತಂದುಕೊಂಡಳು.

ಟೈಲರಕ್ಕ ಇವರನ್ನೆಲ್ಲ ಕೂರಿಸಿಕೊಂಡು ಸಮಾಧಾನ ಹೇಳಿದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಇಳಿದವರಿಗೆ ಒಂದು ರೋಗ ಬರುತ್ತದೆ, ಅದಕ್ಕೆ ಇನ್ನೂ ಇಂಜೆಕ್ಷನ್ ಬಂದಿಲ್ಲ: ಉಪದೇಶ. "ನನ್ನನ್ನೇ ನೋಡಿ," ಎಂದು ಎದ್ದು ಒಂದು ಸುತ್ತು ತಿರುಗಿ, ಲಾಡಿಯ ತುದಿ ಎಷ್ಟು ಉದ್ದ ಜೋತಿದೆ ಎಂದು ತೋರಿಸಿ, ಮಿಕ್ಕ ಕಾಗದದ ಚೂರಿನ ಮೇಲೆ ಡಾಕ್ಟರ ನಂಬರು ಬರೆದುಕೊಟ್ಟಳು. ಮೂರು ತಿಂಗಳಲ್ಲಿ ಹನ್ನೊಂದು ಚೂರು ಹಂಚಿದಳು. ಮುಂದಿನ ಸಲ ತಪಾಸಣೆಗೆ ಹೋದಾಗ ಡಾಕ್ಟರೇ ಅಚ್ಚರಿಪಟ್ಟರು.

"ಏನಮ್ಮ, ನಿಮ್ಮ ಬೀದಿಗೆ ಏನಾಗಿದೆ? ಎಲ್ಲರೂ ಇದ್ದಕ್ಕಿದ್ದ ಹಾಗೆ ದಪ್ಪ ಆಗಿಬಿಟ್ಟೆ ಅಂತ ಬರ್ತಿದಾರೆ."

"ಕಾಲ ಹಾಗಿದೆ ಡಾಕ್ಟ್ರೇ," ಎಂದಳು ಅವಳು, ಒಳ್ಳೆಯ ಕೆಲಸ ಮಾಡಿದವರ ಗಾಂಭೀರ್ಯದಿಂದ.

ಕೊನೆಗೆ ಹೆಡ್‌ಮಿಸ್ ಬಂದರು. ಮೂವತ್ತೆರಡು ವರ್ಷ ಶಾಲೆ ನಡೆಸಿ ನಿವೃತ್ತರಾದವರು. ಟೈಲರಕ್ಕನ ಮಗನಿಗೆ ಮಗ್ಗಿ ಕಲಿಸಿದವರು, ಅವನ ಅಮ್ಮನಿಗೂ ಪಿನ್ನು ಬಾಯಲ್ಲಿಟ್ಟುಕೊಂಡು ಮಾತಾಡಬಾರದೆಂದು ಕಲಿಸಲು ನೋಡಿ ಸೋತವರು. ಬೀಳ್ಕೊಡುಗೆಯ ದಿನಕ್ಕೆಂದು ಟೈಲರಕ್ಕನೇ ಅವರಿಗೆ ನೀಲಿ ಬಣ್ಣದ ಉದ್ದ ಕೋಟು ಹೊಲಿದುಕೊಟ್ಟಿದ್ದಳು. ಹೆಡ್‌ಮಿಸ್ ಅದನ್ನು ಚೀಲದಿಂದ ತೆಗೆದು ಕತ್ತರಿಸುವ ಮೇಜಿನ ಮೇಲೆ ಹಾಸಿದರು. ಬೆನ್ನಿನ ಹೊಲಿಗೆ ಕತ್ತಿನಿಂದ ಸೊಂಟದವರೆಗೆ ಬಾಯಿ ಬಿಟ್ಟಿತ್ತು.

"ಮೂವತ್ತೆರಡು ವರ್ಷ ಮಕ್ಕಳಿಗೆ ನೆಟ್ಟಗೆ ನಿಂತ್ಕೊಳ್ಳಿ ಅಂದೆ," ಎಂದರು. "ಕೊನೇ ದಿನ ವೇದಿಕೆ ಮೇಲೆ ನಾನು ನೆಟ್ಟಗೆ ನಿಂತೆ. ಮೈಕಿನಲ್ಲಿ ಕೇಳ್ತು ಇದು ಹರಿದ ಸದ್ದು. ಹಿಂದಿನ ಸಾಲಿನ ಹುಡುಗರು ನಾನೇ ಏನೋ ಮಾಡಿದೆ ಅಂದ್ಕೊಂಡ್ರು."

ಗುಂಡಿ ಹಚ್ಚುತ್ತಿದ್ದ ನಾದಿನಿ ನಗು ತಡೆಯಲು ಬಟ್ಟೆ ಕಚ್ಚಿಕೊಂಡಳು.

"ನಿನ್ನ ಮೇಲೆ ಕೋಪ ಇಲ್ಲ ಕಣಮ್ಮ," ಎಂದರು ಹೆಡ್‌ಮಿಸ್. "ನಾಲಿಗೆ ಹಿಡಿತದಲ್ಲಿ ಇಟ್ಕೊಳ್ಳಬೇಕಾದವಳು ನಾನು. ನಾಲ್ಕು ತಿಂಗಳಿಂದ ರಾತ್ರಿ ಬರೀ ಸೌತೆಕಾಯಿ ತಿಂದು ಮಲಗ್ತಿದೀನಿ, ಆದರೂ ಹೀಗೆ. ಹೋದ ಸಲ ರವಿಕೆ ಬಿಗಿ ಅಂತ ಬಂದಾಗ ನೀನು ಕೊಟ್ಟ ನಂಬರಿಗೆ ಹೋದೆ. ಸಕ್ಕರೆ ಇಲ್ಲ, ಬೀಪಿ ಇಲ್ಲ, ಆತುರ ಬೇಡ ಅಂದ್ರು ನಿನ್ನ ಡಾಕ್ಟ್ರು. ನಾನೇ ಹಟ ಮಾಡಿ ಚೀಟಿ ಬರೆಸ್ಕೊಂಡೆ. ಇಲ್ಲಿಂದ ನೇರ ಮೆಡಿಕಲ್ ಶಾಪಿಗೆ. ಸೂಜಿ ಕಂಡ್ರೆ ನನಗೆ ತಲೆ ಸುತ್ತುತ್ತೆ, ಗೊತ್ತಲ್ಲ. ಆದರೂ ಆಗಲಿ."

"ಎಷ್ಟು ಏರಿದೀರಿ ಮಿಸ್?" ಎಂದಳು ಟೈಲರಕ್ಕ, ಉಪದೇಶಕ್ಕೆ ಪೀಠ ಹಾಕಿಕೊಳ್ಳುತ್ತ.

"ಅದೇ ತಮಾಷೆ. ಹನ್ನೊಂದು ವರ್ಷದಿಂದ ಪ್ರತಿ ಸೋಮವಾರ ತೂಕ ನೋಡ್ತೀನಿ. ನೂರ ನಾಲ್ಕು. ಈಗಲೂ ನೂರ ನಾಲ್ಕೇ ತೋರಿಸ್ತು. ಮಶೀನು ಕೆಟ್ಟಿದೆ ಅಂತ ರಿಪೇರಿಗೆ ಕೊಟ್ಟೆ. ಅವನು ಸರಿಯಾಗಿದೆ ಅಂತ ವಾಪಸ್ ಕೊಟ್ಟ. ಈಗಿನವರಿಗೆ ಕೆಲಸ ಎಲ್ಲಿ ಬರುತ್ತೆ."

ಟೈಲರಕ್ಕ ಲಾಡಿಯ ತುದಿ ಹಿಡಿದುಕೊಂಡೇ ಇದ್ದಳು. ಆಮೇಲೆ ಅದನ್ನು ಬಿಟ್ಟಳು.

ಪುಸ್ತಕ ತೆಗೆದಳು. ಒಂಬತ್ತು ವರ್ಷದ ಹಿಂದೆ ಬರೆದದ್ದು: "ಹೆಡ್‌ಮಿಸ್. ಎದೆ, ಸೊಂಟ ನನ್ನಷ್ಟು." ಹೆಡ್‌ಮಿಸ್ ಈಗ ತೊಟ್ಟು ಬಂದಿದ್ದ ಕೋಟು ಮೂರು ವರ್ಷದ ಹಿಂದೆ ಅವಳೇ ಹೊಲಿದದ್ದು. ಅದು ಅವರ ಮೈಮೇಲೆ ಬೆಣ್ಣೆ ಸವರಿದ ಹಾಗೆ ಕೂತಿತ್ತು. ಅದನ್ನು ಬಿಚ್ಚಿಕೊಡಿ ಎಂದು ಕೇಳಿ ಹರಿದ ಕೋಟಿನ ಮೇಲೆ ಹಾಸಿದಳು. ಭುಜ ಭುಜಕ್ಕೆ ಸರಿಹೋಯಿತು. ಸೊಂಟದಲ್ಲಿ ಹೊಸದು ಆ ಕಡೆ ಎರಡು ಬೆರಳು, ಈ ಕಡೆ ಎರಡು ಬೆರಳು ಒಳಗಿತ್ತು.

ನಾದಿನಿ ಎದ್ದು ಬಂದು ನೋಡಿದಳು. ಅತ್ತಿಗೆಯ ಮುಖ ನೋಡಿದಳು. ಅವಳಿಗೂ ಹೊಳೆಯಿತು. ನಾದಿನಿಯ ಬಾಯಿಗೆ ಗುಟ್ಟು ನಿಲ್ಲದು, ಆದರೆ ಬುದ್ಧಿ ಚುರುಕು.

"ಅತ್ತಿಗೆ," ಎಂದಳು ಪಿಸುಮಾತಿನಲ್ಲಿ, "ಸುಮ್ಮನಿದ್ದುಬಿಡಿ. ಯಾರಿಗೂ ಗೊತ್ತಾಗಲ್ಲ. ಇನ್ಮೇಲೆ ಸಡಿಲ ಬಿಡೋಣ. ಅವರೆಲ್ಲ ಇಳಿದ್ವಿ ಅಂತ ಖುಷಿ ಪಡ್ತಾರೆ."

ಅದರಲ್ಲಿ ತಪ್ಪಿಲ್ಲದ ಲೆಕ್ಕಾಚಾರವಿತ್ತು. ಸುಮ್ಮನಿದ್ದರೆ ಅಂಗಡಿಯ ಹೆಸರು ಉಳಿಯುತ್ತದೆ. ಹೇಳಿದರೆ, ಅಳತೆ ತಪ್ಪಿದ ಟೈಲರಿಗೆ ಬೀದಿಯಲ್ಲಿ ಯಾರೂ ಕರವಸ್ತ್ರವನ್ನೂ ಹೊಲಿಯಲು ಕೊಡುವುದಿಲ್ಲ. ಆದರೆ ಹೆಡ್‌ಮಿಸ್ ಆಗಲೇ ಚೀಟಿ ಹಿಡಿದು ಏಳುತ್ತಿದ್ದರು. ಮೆಡಿಕಲ್ ಶಾಪು ಎದುರು ಬದಿಯಲ್ಲೇ ಇತ್ತು. ಟೈಲರಕ್ಕ ಒಂದು ಗಳಿಗೆ ಕಣ್ಣು ಮುಚ್ಚಿದಳು. ಪ್ರಾರ್ಥಿಸಿದಳೋ, ಇಲ್ಲ ಧೈರ್ಯಕ್ಕೆ ಹಾಗೆ ಮಾಡಿದಳೋ, ಅವಳೇ ಹೇಳಬೇಕು.

"ಮಿಸ್, ಕೂತ್ಕೊಳ್ಳಿ. ನೀವು ದಪ್ಪ ಆಗಿಲ್ಲ. ನಾನು ಸಣ್ಣ ಆಗಿದೀನಿ."

"ಅದು ಕಾಣ್ತಿದೆ. ಸಂತೋಷ."

"ಅದಲ್ಲ ಮಿಸ್." ಅವಳು ಪುಸ್ತಕ ತಿರುಗಿಸಿ ತೋರಿಸಿದಳು. ತೊಟ್ಟು ನೋಡುವ ರೀತಿ, ನಾದಿನಿ ಹಿಡಿದದ್ದು, ಕತ್ತರಿಸಿ ಬಿಸಾಡಿದ ಅಂಚು, ಎಲ್ಲವನ್ನೂ ಒಂದೊಂದಾಗಿ ಹೇಳಿದಳು. ಹೆಡ್‌ಮಿಸ್ ಉತ್ತರಪತ್ರಿಕೆ ತಿದ್ದುವವರ ಹಾಗೆ ಪುಟದ ಮೇಲೆ ಬೆರಳಿಟ್ಟು ಕೇಳಿದರು.

"ಅಂದ್ರೆ ನಾನು ಅಷ್ಟೇ ಇದೀನಿ."

"ಅಷ್ಟೇ ಇದೀರಿ."

"ಸೌತೆಕಾಯಿ ತಿಂದದ್ದು?"

"ನನ್ನಿಂದ."

"ಮೈಕಿನಲ್ಲಿ ಕೇಳಿಸಿದ್ದು?"

"ಅದೂ ನನ್ನಿಂದಾನೇ ಮಿಸ್."

ಹೆಡ್‌ಮಿಸ್ ಪುಸ್ತಕ ಮುಚ್ಚಿದರು. ಅವರು ನಕ್ಕುಬಿಡುತ್ತಾರೆ ಎಂದು ನಾದಿನಿ ಕಾದಳು. ನಗಲಿಲ್ಲ. "ಎಷ್ಟು ಜನಕ್ಕೆ ಹೀಗೆ ಮಾಡಿದೀಯ?" ಎಂದರು.

"ಡಾಕ್ಟ್ರ ನಂಬರು ಕೊಟ್ಟದ್ದು ಹನ್ನೊಂದು ಜನಕ್ಕೆ. ನಿಮ್ಮನ್ನೂ ಸೇರಿಸಿ."

"ಉಳಿದ ಹತ್ತು ಜನರ ಮನೆಗೆ ಹೋಗಿ ಹೇಳು. ಫೋನ್ ಬೇಡ. ಮುಖ ನೋಡಿ ಹೇಳು. ಆಮೇಲೆ ನನ್ನ ಕೋಟಿನ ಮಾತು." ಚೀಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಹಳೆಯ ಕೋಟು ತೊಟ್ಟು, ಮೆಡಿಕಲ್ ಶಾಪಿನ ಕಡೆ ನೋಡದೆ ಹೊರಟುಹೋದರು.

ಎರಡು ದಿನ ಅಂಗಡಿ ಮುಚ್ಚಿ ಅವಳು ಮನೆಮನೆ ತಿರುಗಿದಳು. ಮೂರು ಮಹಡಿ ಮೆಟ್ಟಿಲು ಹತ್ತಿಸಿದ್ದು ಅದೇ ಮೊಣಕಾಲು, ಅದೇ ಔಷಧಿ. ಕಂಡಕ್ಟರಮ್ಮ ಪೂರ್ತಿ ಕೇಳಿ, ಬಾಗಿಲಲ್ಲಿ ನಿಂತೇ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬಿಸ್ಕತ್ತು ಬಿಟ್ಟು ಮೂರು ತಿಂಗಳಾಯ್ತು ಅಕ್ಕ. ಇವತ್ತು ಎರಡು ಪೊಟ್ಟಣ ನಿಮ್ಮ ಹೆಸರಲ್ಲಿ ತಿಂತೀನಿ," ಎಂದಳು. ಪೋಸ್ಟಾಫೀಸಿನ ಗುಮಾಸ್ತೆ ಇಂಜೆಕ್ಷನ್ ಶುರುಮಾಡಿಯಾಗಿತ್ತು. ಡಾಕ್ಟರ ಬಳಿ ಹೋಗಿದ್ದರಿಂದಲೇ ಅವಳಿಗೆ ಮುನ್ನೂರರ ಮೇಲೆ ಸಕ್ಕರೆ ಇರುವುದು ತಿಳಿದದ್ದು. "ನಿಮ್ಮ ತಪ್ಪಿಗೆ ನಾನು ಬದುಕ್ಕೊಂಡೆ. ಬಯ್ಯಲೋ, ಕೈ ಮುಗೀಲೋ?" ಎಂದಳು. ಬೇಕರಿಯವನ ಹೆಂಡತಿ ನಗಲೂ ಇಲ್ಲ, ಬಯ್ಯಲೂ ಇಲ್ಲ. "ನನ್ನ ಗಂಡ ನಾಲ್ಕು ತಿಂಗಳಿಂದ ನನ್ನ ತಟ್ಟೆ ನೋಡಿ ಎಣಿಸ್ತಿದಾನೆ," ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಳು. ಅವಳು ಮತ್ತೆ ಬಟ್ಟೆ ಕಳಿಸಲಿಲ್ಲ. ಆ ಬಾಗಿಲ ಮುಂದೆ ಟೈಲರಕ್ಕ ಎಷ್ಟು ಹೊತ್ತು ನಿಂತಿದ್ದಳೆಂದರೆ, ಗಿರಾಕಿ ಎಂದುಕೊಂಡು ಒಳಗಿನಿಂದ ಯಾರೋ ಬ್ರೆಡ್ಡು ಬೇಕೇ ಎಂದು ಕೇಳಿದರು.

ಶುಕ್ರವಾರ ಚುಚ್ಚಿಕೊಳ್ಳುವ ದಿನ. ಅವಳು ಪೆನ್ನು ಹಿಡಿದು ಅಡುಗೆಮನೆಯಲ್ಲಿ ಕೂತಿದ್ದಳು.

"ಬಿಟ್ಟುಬಿಡ್ತೀಯಾ?" ಎಂದ ಗಂಡ. "ಹಳೇ ಅಳತೆಗೆ ವಾಪಸ್ ಬರಬಹುದು. ಪುಸ್ತಕ ತಿದ್ದೋ ಕೆಲಸ ಉಳಿಯುತ್ತೆ."

ಆ ಯೋಚನೆ ಅವಳಿಗೂ ಬಂದಿತ್ತು. "ದೇವರು ಮೊಣಕಾಲು ವಾಪಸ್ ಕೊಟ್ಟಿದಾನೆ. ಪುಸ್ತಕಕ್ಕೋಸ್ಕರ ಅದನ್ನ ಹಿಂದಿರುಗಿಸಲಾ? ಮೇಲಾಗಿ ಇನ್ನೂ ಇಳೀಬಹುದು ಅಂತಾರೆ ಡಾಕ್ಟ್ರು. ದಿನಾ ಬದಲಾಗೋ ಮೈ ನಂಬಿ ಕತ್ತರಿ ಹಿಡಿಯೋಕಾಗುತ್ತಾ?" ಎಂದು ಅಂಗಿ ಎತ್ತಿ ಚುಚ್ಚಿಕೊಂಡಳು.

ಸೋಮವಾರ ಹೆಡ್‌ಮಿಸ್ ಬಂದರು. ಟೈಲರಕ್ಕ ಬಾಗಿಲು ಎಳೆದುಕೊಂಡಳು. ಟೇಪು ತೆಗೆದಳು, ಆದರೆ ಅದನ್ನು ಹಿಡಿದು ನಿಂತೇಬಿಟ್ಟಳು. ಮೂವತ್ತು ವರ್ಷದಲ್ಲಿ ಒಬ್ಬ ಹೆಂಗಸಿನ ಮೈಗೂ ಅದನ್ನು ಸುತ್ತಿದವಳಲ್ಲ.

"ಮಿಸ್, ಹಿಡಿಯೋದು ನಾನು. ಓದೋದು, ಬರೆಯೋದು ನೀವು. ಜೋರಾಗಿ ಹೇಳಬೇಕಾಗಿಲ್ಲ. ನಾನು ಆ ಕಡೆ ನೋಡ್ತೀನಿ."

ಹೆಡ್‌ಮಿಸ್ ಪೆನ್ನು ತೆಗೆದುಕೊಂಡರು. ಟೈಲರಕ್ಕ ಸೊಂಟಕ್ಕೆ ಟೇಪು ಸುತ್ತಿ ಮುಖ ತಿರುಗಿಸಿದಳು. ಆದರೆ ತುದಿ ಸೇರಿಸುವ ಹೊತ್ತಿಗೆ ಅವಳ ಹೆಬ್ಬೆರಳು ಎಲ್ಲಿ ನಿಂತಿದೆ ಎಂಬುದು ಅವಳಿಗೆ ಗೊತ್ತಾಗಿಹೋಗಿತ್ತು. ಟೈಲರ ಬೆರಳಿಗೆ ಕಣ್ಣಿರುತ್ತದೆ. ನಲವತ್ತಾರು. ಹೆಡ್‌ಮಿಸ್ ಟೇಪನ್ನು ನೋಡಿದರು. ಮುಖ ನೋಡಿ ಸತ್ಯ ಹೇಳು ಎಂದು ಅವಳನ್ನು ಹತ್ತು ಮನೆ ಅಲೆಸಿದ ಅದೇ ಹೆಡ್‌ಮಿಸ್ ಪುಸ್ತಕದ ಮೇಲೆ ಬಗ್ಗಿ, ದುಂಡಗಿನ ಅಕ್ಷರದಲ್ಲಿ, ನಲವತ್ತೆರಡು ಎಂದು ಬರೆದು, ಕೆಳಗೆ ಗೆರೆಯನ್ನೂ ಎಳೆದರು.

ಮೇಜಿನ ಆ ಬದಿಯಿಂದ ನಾದಿನಿ ಎಲ್ಲವನ್ನೂ ನೋಡುತ್ತಿದ್ದಳು. ಅವಳು ಬಾಯಿ ತೆರೆದಳು.

"ಪಿನ್ನುಗಳನ್ನ ಬಾಯಲ್ಲಿ ಇಟ್ಕೊಂಡಿರು," ಎಂದು ಟೈಲರಕ್ಕ ಒಂದು ಹಿಡಿ ಪಿನ್ನು ಅವಳಿಗೆ ಕೊಟ್ಟಳು. ಆಮೇಲೆ ಬಟ್ಟೆ ಹಾಸಿ, ಸೀಮೆಸುಣ್ಣ ಹಿಡಿದು, ನಲವತ್ತಾರಕ್ಕೆ ಗೆರೆ ಎಳೆದಳು.